ಮೊದಲ ಉತ್ತರ ನನ್ನದು

ಬಸವಕಲ್ಯಾಣ
11 ಜನವರಿ 2024

ಪೂಜ್ಯ ಮಹಾರುದ್ರಪ್ಪ ಕಾಕಾ ಅವರಿಗೆ ಪೂನಂ ಮಾಡುವ ಶರಣಾರ್ಥಿಗಳು.

ಹುಮನಾಬಾದಿನ ರೇಡಿಯೋ ರಿಪೇರಿ ಗುರುನಾಥನ ಮಗಳು ನಾನು. ನೀವೂ ಅಪ್ಪನೂ ಮಾತು ಬಿಟ್ಟು ಏಳು ವರ್ಷವಾಗುತ್ತ ಬಂತು. ಹೋದ ವರ್ಷ ನಮ್ಮ ಮೂಲ ಊರು ಮುಡಬಿಯಲ್ಲಿ ಅಪ್ಪನ ಮಣ್ಣಾದಾಗಲೂ ನೀವು ಬರಲಿಲ್ಲ. ಅದನ್ನು ಕೆದಕಲು ಬರೆಯುತ್ತಿಲ್ಲ. ನಿಮ್ಮ ಸಹಾಯ ಬೇಕಾಗಿದೆ.

1987ರಲ್ಲಿ ನೀವಿಬ್ಬರೂ ಕೂಡಿ ಕಟ್ಟಿದ, ಊರೂರಿನ ಹವ್ಯಾಸಿಗಳ ಜೊತೆ ಮಾತಾಡುವ ಹ್ಯಾಮ್ ರೇಡಿಯೋ ಸೆಟ್ಟು ಈಗ ನನ್ನ ಹತ್ತಿರ ಇದೆ. ಲೈಸೆನ್ಸ್ ಇಲ್ಲದವರು ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಹಾಗಾಗಿ ನಾನೇ ಪರೀಕ್ಷೆಗೆ ಕೂತೆ. ಚುಕ್ಕಿ ಗೆರೆಯ ಮೋರ್ಸ್ ಭಾಷೆ ಕಲಿಸಿದ್ದು ಅಪ್ಪನೇ. ನಾನು ಚಿಕ್ಕವಳಿದ್ದಾಗ ಊಟದ ತಟ್ಟೆಯ ಮೇಲೆ ಚಮಚದಿಂದ ಬಡಿದು ಕಲಿಸಿದ್ದ. ನವೆಂಬರಿನಲ್ಲಿ ಲೈಸೆನ್ಸ್ ಬಂತು, ಗಾಳಿಯಲ್ಲಿ ಹೇಳಿಕೊಳ್ಳುವ ಹೆಸರಾಗಿ ನನ್ನದೇ ಕಾಲ್‌ಸೈನ್ ಬಂತು. ಇನ್ನು ಆಂಟೆನಾ ಕಟ್ಟಬೇಕು. ಒಂದೇ ಕೇಬಲಿನಿಂದ ನಲವತ್ತು, ಇಪ್ಪತ್ತು, ಹತ್ತು ಮೀಟರ್ ಅಲೆ, ಮೂರೂ ಬ್ಯಾಂಡಿಗೆ ಆಗುವಂಥ ತಂತಿಯ ಆಂಟೆನಾ. ಪುಸ್ತಕದಲ್ಲಿ ಓದಿದ್ದೇನೆ, ಕೈಯಿಂದ ಮಾಡಿಲ್ಲ.

ತೊಡಕು ಮಾಳಿಗೆಯದು. ನಮ್ಮ ಅತ್ತೆ ಶಕುಂತಲಾಬಾಯಿ ಬೇಸಿಗೆಯಲ್ಲಿ ಅಲ್ಲಿ ಹಪ್ಪಳ, ಶಾವಿಗೆ ಒಣಗಿಸಿ ಅಂಗಡಿಗಳಿಗೆ ಕೊಡುತ್ತಾರೆ. ತಂತಿಯ ಮಾತು ತೆಗೆದಾಗ, "ನಿಮ್ಮಪ್ಪ ಸತ್ತ ಮ್ಯಾಲೂ ನಮ್ಮ ಮಾಳಿಗಿ ಬಿಡವಲ್ಲ ನೋಡು" ಅಂದರು. ನನ್ನ ಯಜಮಾನರು ಸಂತೋಷಕುಮಾರ ನಡುವೆ ಬಂದು ಒಂದು ತೀರ್ಮಾನ ಮಾಡಿದರು. "ಯುಗಾದಿ ತನಕ ಇರ್ಲಿ. ಅಷ್ಟರಾಗ ಒಬ್ಬರರೆ ಇಕಿಗೆ ಉತ್ತರ ಕೊಟ್ರ ತಂತಿ ಖಾಯಂ. ಇಲ್ಲಂದ್ರ ತಂತೀನೂ ಹೋಗ್ಲಿ, ಸೆಟ್ಟೂ ಹೋಗ್ಲಿ." ಅತ್ತೆ ಒಪ್ಪಿದ್ದಾರೆ.

ಒಂದೇ ಒಂದು ಉತ್ತರ ಬೇಕು, ಕಾಕಾ. ಅದು ನಿಮ್ಮಿಂದಲೇ ಬರಲಿ ಎಂದು ಆಸೆ.

ನಿಮ್ಮ ಮಗಳ ಸಮಾನಳಾದ
ಪೂನಂ


ಹುಮನಾಬಾದ
19 ಜನವರಿ 2024

ಚಿ. ಪೂನಂಗೆ ಆಶೀರ್ವಾದ.

ಫೋನು ಮಾಡದೆ ಪತ್ರ ಬರೆದೆ, ಅಷ್ಟಾದರೂ ಬುದ್ಧಿಯಿದೆ. ರೇಡಿಯೋದವರು ಫೋನು ಹಚ್ಚಿ "ಕೇಳಿಸ್ತೇನು" ಅಂತ ಕೇಳುವುದು ನಾಚಿಕೆಗೇಡು. ನಮ್ಮಲ್ಲಿ ಮಾತು ಗಾಳಿಯಲ್ಲಿ, ತಪ್ಪು ಒಪ್ಪು ಕಾಗದದಲ್ಲಿ.

ಗುರುನಾಥನ ಮಣ್ಣಿಗೆ ಅಂಗಡಿ ಬಿಟ್ಟು ಬರಲಾಗಲಿಲ್ಲ. ಹಾರ್ಡ್‌ವೇರ್ ಅಂಗಡಿಗೆ ಗಿರಾಕಿ ಯಾವಾಗ ಬರುತ್ತಾನೆಂದು ಹೇಳಲಾಗದು.

ಈಗ ಕೇಳು. ತಾಮ್ರದ ತಂತಿ ಆರು ತುಂಡು. ನಲವತ್ತಕ್ಕೆ ಒಂದೊಂದು ಬದಿಗೆ ಮೂವತ್ತಮೂರು ಅಡಿ ಎರಡು ಅಂಗುಲ, ಇಪ್ಪತ್ತಕ್ಕೆ ಹದಿನಾರೂವರೆ ಅಡಿ, ಹತ್ತಕ್ಕೆ ಎಂಟು ಅಡಿ ಮೂರು ಅಂಗುಲ. ಎಲ್ಲವನ್ನೂ ಒಂದಡಿ ಹೆಚ್ಚು ಬಿಟ್ಟೇ ಕತ್ತರಿಸು. ಮೇಲೇರಿಸಿದ ನಂತರ ಮೀಟರಿನ ಮುಳ್ಳು ಒಂದರ ಹತ್ತಿರ ಇಳಿಯುವವರೆಗೆ ತುದಿ ಕಡಿಮೆ ಮಾಡುತ್ತ ಬರಬೇಕು. ಎಡದ ಮೂರೂ ಒಂದು ಕಡೆ ಬೆಸುಗೆ, ಬಲದ ಮೂರೂ ಒಂದು ಕಡೆ ಬೆಸುಗೆ, ನಡುವಿನಿಂದ ಕೇಬಲ್ ಕೆಳಗೆ. ತಂತಿಗೆ ತಂತಿ ತಾಗದಂತೆ ಪಿವಿಸಿ ಪೈಪಿನ ತುಂಡು ಅಡ್ಡ ಕೊಡು. ಕರೆಂಟಿನ ತಂತಿಯ ಹತ್ತಿರ ಹೋಗಬೇಡ, ನಿಮ್ಮ ಅತ್ತೆಗೆ ಅಷ್ಟು ಸಂತೋಷ ಕೊಡಬೇಕಾಗಿಲ್ಲ.

ಒಂದು ಷರತ್ತು. ದಿನಾ ಬೆಳಿಗ್ಗೆ ಆರೂವರೆಗೆ ನಲವತ್ತು ಮೀಟರಿನಲ್ಲಿ, 7050 ಕಿಲೋಹರ್ಟ್ಸ್ ಮೇಲೆ, ನನ್ನನ್ನು ಕರೆ. ನನ್ನನ್ನು ಮಾತ್ರ. ನಾನು ಸರಿ ಎನ್ನುವವರೆಗೆ ಬೇರೆಯವರನ್ನು ಕರೆಯಬೇಡ. ಕೆಟ್ಟ ತಂತಿಯಿಂದ ಬ್ಯಾಂಡು ಹೊಲಸು ಮಾಡಿದರೆ ಹೋಗುವುದು ಗುರುನಾಥನ ಹೆಸರು. ಅಲ್ಲಿಯವರೆಗೆ ಮನೆಗೂ ಬರಬೇಡ. ಮೊದಲು ಗಾಳಿಯಲ್ಲಿ ಭೇಟಿ, ಆಮೇಲೆ ಮನೆಯಲ್ಲಿ. ನಾನೂ ನಿಮ್ಮಪ್ಪನೂ ಪಾಲಿಸಿದ ಪದ್ಧತಿ ಇದು.

ಮಹಾರುದ್ರಪ್ಪ


ಬಸವಕಲ್ಯಾಣ
12 ಫೆಬ್ರುವರಿ 2024

ಕಾಕಾ ಅವರಿಗೆ ಶರಣಾರ್ಥಿ.

ತಂತಿ ಮೇಲೇರಿತು. ನಡುವಿಗೆ ಉದ್ದನೆಯ ಬಿದಿರು ನಿಲ್ಲಿಸಿ ನೀರಿನ ಟಾಕಿಗೆ ಬಿಗಿದಿದ್ದೇನೆ. ಒಂದು ತುದಿ ನಮ್ಮ ಮಾಳಿಗೆಯ ಮೂಲೆಗೆ. ಇನ್ನೊಂದಕ್ಕೆ ಜಾಗ ಸಾಲದೆ ಪಕ್ಕದ ಮನೆಯ ಮುನ್ನಿ ಬೀ ಅವರನ್ನು ಕೇಳಿದೆ. "ಕಟ್ಕೋ ಬೇಟಿ, ಬೇವಿನ ಗಿಡಕ್ಕೇನ ಭಾರ ಆಗ್ತದೇನು" ಅಂದರು. ಗಾಳಿಗೆ ಗಿಡ ತೂಗಿದರೆ ತಂತಿ ಹರಿಯಬಾರದೆಂದು ಹಗ್ಗದ ತುದಿಗೆ ಇಟ್ಟಿಗೆ ಜೋತುಬಿಟ್ಟಿದ್ದೇನೆ. ಅತ್ತೆ ಬಂದು ನೋಡಿ, "ಅರಬಿ ಒಣಗಿಸಾಕರೆ ಬರ್ತದೇನು ಇದು?" ಅಂತ ಕೇಳಿ ಹೋದರು.

ನಲವತ್ತರ ತಂತಿ ಮೂವತ್ತಮೂರು ಅಡಿ ಎರಡು ಅಂಗುಲಕ್ಕೇ ಬಂದು ನಿಂತಿತು. ನೀವು ಹೇಳಿದ್ದರಲ್ಲಿ ಒಂದು ಅಂಗುಲವೂ ಹೆಚ್ಚುಕಡಿಮೆ ಇಲ್ಲ. ಅಪ್ಪನ ಮೀಟರಿನಲ್ಲಿ ಮುಳ್ಳು 1.2ಕ್ಕೆ ಇಳಿಯಿತು. ಇಪ್ಪತ್ತೂ ಹತ್ತೂ ಕೂಡ ಚೆನ್ನಾಗಿವೆ. ಮೊದಲ ಸಲ ಕಿವಿಗೆ ಹೆಡ್‌ಫೋನ್ ಹಚ್ಚಿದಾಗ ಪುಣೆ, ಹೈದರಾಬಾದು, ಲಾತೂರು, ಎಲ್ಲ ಪಕ್ಕದ ಓಣಿಯವರು ಮಾತಾಡಿದಂತೆ ಕೇಳಿಸಿದವು. ನಾನು ಅತ್ತುಬಿಟ್ಟೆ.

ಒಂದು ವಾರದಿಂದ ಆರೂವರೆಗೆ ತಪ್ಪದೆ ನಿಮ್ಮನ್ನು ಕರೆಯುತ್ತಿದ್ದೇನೆ, ಏಳರೊಳಗೆ ಸೆಟ್ಟು ಆರಿಸಿ ಅಡಿಗೆಗೆ ಹೋಗಬೇಕು. ನೀವು ಉತ್ತರ ಕೊಡಲಿಲ್ಲ. ಊರಲ್ಲಿ ಇರಲಿಲ್ಲವೇ?

ನಿಮ್ಮ
ಪೂನಂ


ಹುಮನಾಬಾದ
17 ಫೆಬ್ರುವರಿ 2024

ಪೂನಂ,

ಊರಲ್ಲೇ ಇದ್ದೇನೆ. ಏಳೂ ದಿನ ಹೆಡ್‌ಫೋನ್ ಹಚ್ಚಿಕೊಂಡು ಕೂತಿದ್ದೆ. ಏನೂ ಕೇಳಿಸಲಿಲ್ಲ.

ಪುಣೆ ಕೇಳಿತು, ಲಾತೂರು ಕೇಳಿತು ಎಂದು ಕುಣಿಯಬೇಡ. ಕೇಳುವುದು ಬೇರೆ, ಕೇಳಿಸುವುದು ಬೇರೆ. ಕಿವಿ ದೇವರು ಎಲ್ಲರಿಗೂ ಕೊಟ್ಟಿದ್ದಾನೆ. ಮತ್ತೆ ಆ ಮೀಟರ್ ಗುರುನಾಥ ಯಾವ ಕಾಲದಲ್ಲೋ ಕೆಳಗೆ ಬೀಳಿಸಿದ್ದು, ಸುಳ್ಳು ಹೇಳುತ್ತದೆ. ನಲವತ್ತರ ತಂತಿ ಉದ್ದವಾಗಿದೆ. ಎರಡೂ ತುದಿಗೆ ನಾಲ್ಕು ನಾಲ್ಕು ಬೆರಳು ಕತ್ತರಿಸು. ನಾಲ್ಕು ದಿನ ಕರೆ. ಆಗದಿದ್ದರೆ ಮತ್ತೆ ನಾಲ್ಕು ಬೆರಳು.

ಮಹಾರುದ್ರಪ್ಪ


ಬಸವಕಲ್ಯಾಣ
6 ಮಾರ್ಚ್ 2024

ಕಾಕಾ,

ಮೂರು ಸಲ ಕತ್ತರಿಸಿದೆ. ಪ್ರತಿ ಸಲ ಬಿದಿರು ಇಳಿಸಬೇಕು, ಬೇವಿನ ಗಿಡದ ಹಗ್ಗ ಬಿಚ್ಚಬೇಕು, ಮತ್ತೆ ಏರಿಸಬೇಕು. ಅಂಗೈ ಸುಲಿದಿದೆ. ಮೀಟರಿನ ಮುಳ್ಳು ಇಳಿಯುವುದು ಬಿಟ್ಟು ಏರುತ್ತಿದೆ. ಮೊದಲು 1.2 ಇದ್ದದ್ದು ಈಗ ಎರಡರ ಮೇಲಿದೆ.

ಮೀಟರ್ ಒಂದು ಹೇಳುತ್ತದೆ, ನೀವೊಂದು ಹೇಳುತ್ತೀರಿ. "ಮೀಟರಿಗಿಂತ ಮಹಾರುದ್ರನ ಕಿವಿ ಖರೇ" ಅಂತ ಅಪ್ಪ ಅನ್ನುತ್ತಿದ್ದ. ಮಾತು ಬಿಟ್ಟ ಮೇಲೂ ಅನ್ನುತ್ತಿದ್ದ. ನಾನು ನಿಮ್ಮನ್ನೇ ನಂಬುತ್ತೇನೆ.

ಮನೆಯಲ್ಲಿ ಮಾತು ಶುರುವಾಗಿದೆ. ನಿನ್ನೆ ಬೆಳಿಗ್ಗೆ ಮೋರ್ಸ್ ಕೀ ಬಡಿಯುತ್ತಿದ್ದಾಗ ಅತ್ತೆ ಪಕ್ಕದ ಮನೆಯವರನ್ನು ಕರೆದು ತೋರಿಸಿದರು. "ದಿನಾ ಹಿಂಗ ಟಕಟಕ ಕುಟ್ಟಾಕತ್ಯಾಳ್ರಿ, ಯಾರೂ ಹೂಂ ಅನ್ನಂಗಿಲ್ಲ ಹಾಂ ಅನ್ನಂಗಿಲ್ಲ. ತಲಿ ಸರಿ ಐತೋ ಇಲ್ಲೋ." ಯಜಮಾನರು ಕೇಳಿಸಿಕೊಂಡೂ ಚಹಾ ಕುಡಿದು ಹೊರಗೆ ಹೋದರು. ಅದೇ ಹೆಚ್ಚು ನೋವಾಯಿತು.

ಸಣ್ಣಗಾದರೂ ಕೇಳಿಸುತ್ತಿದೆಯೇ ಹೇಳಿ.

ಪೂನಂ


ಹುಮನಾಬಾದ
11 ಮಾರ್ಚ್ 2024

ಪೂನಂ,

ಇಲ್ಲ.

ಬೆರಳಿನ ಅಳತೆ ಸಾಕು. ಇನ್ನು ಒಂದೊಂದು ಗೇಣು ಕತ್ತರಿಸು.

ನಿಮ್ಮತ್ತೆ ಆಡಿದ ಮಾತಿಗೆ ಅಳಬೇಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನೀನು ಮೀಟರ್ ಏರಿತು ಅನ್ನುತ್ತೀ. ಗುರುನಾಥ ನಿನ್ನ ವಯಸ್ಸಿನಲ್ಲಿ ಇದೇ ಆಂಟೆನಾ ಒಂದು ಮಧ್ಯಾಹ್ನದಲ್ಲಿ ಕಟ್ಟಿದ್ದ. ಎಲ್ಲರಿಗೂ ಬರುವ ವಿದ್ಯೆ ಅಲ್ಲ ಇದು.

ಮಹಾರುದ್ರಪ್ಪ


ಬಸವಕಲ್ಯಾಣ
31 ಮಾರ್ಚ್ 2024

ಕಾಕಾ,

ಮೂರು ಗೇಣು ಹೋಯಿತು. ಮೂವತ್ತಮೂರು ಅಡಿಯ ತಂತಿ ಮೂವತ್ತಕ್ಕೆ ಬಂತು. ಮುಳ್ಳು ಮೂರು ದಾಟಿದೆ. ಸೆಟ್ಟು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ.

ಒಂದು ತಪ್ಪು ಮಾಡಿದ್ದೇನೆ, ಹೇಳಿಬಿಡುತ್ತೇನೆ. ಹೋದ ವಾರ ತಡೆಯಲಾಗದೆ ನಿಮ್ಮ ಮಾತು ಮೀರಿ ಎಲ್ಲರನ್ನೂ ಕರೆದೆ. ಲಾತೂರಿನವರು ಆಗಷ್ಟೇ ಮಾತು ಮುಗಿಸಿದ್ದರು, ಅಲ್ಲೇ ಇದ್ದರು. ಅವರ ಕಾಲ್‌ಸೈನ್ ಹಾಕಿ ಮೂರು ಸಲ ಕರೆದೆ. ಪುಣೆಯವರನ್ನು ಕರೆದೆ. ನಾನು ಕರೆಯುವಾಗ ಎಲ್ಲರೂ ಸುಮ್ಮನಾಗುತ್ತಾರೆ, ನಾನು ನಿಲ್ಲಿಸಿದ ಮೇಲೆ ತಮ್ಮ ತಮ್ಮಲ್ಲಿ ಮಾತಾಡುತ್ತಾರೆ. ನಾನು ಇಲ್ಲವೇ ಇಲ್ಲ ಅನ್ನುವ ಹಾಗೆ.

ಯುಗಾದಿಗೆ ಒಂಬತ್ತು ದಿನ ಉಳಿದಿದೆ. ಅಪ್ಪನ ಕೈ ಹಿಡಿದು ಕಲಿತ ಒಂದೇ ವಿದ್ಯೆ, ಅದೂ ಬರಲಿಲ್ಲ ಎಂದು ಹೇಳಿಕೊಂಡು ಈ ಮನೆಯಲ್ಲಿ ಇರಬೇಕು. ಒಂದು ಚುಕ್ಕಿ, ಒಂದು ಗೆರೆ, ಏನಾದರೂ ಕೇಳಿಸಿದ್ದರೆ ಹೌದು ಅನ್ನಿ. ನಿಮಗೆ ಕೈ ಮುಗಿಯುತ್ತೇನೆ.

ಪೂನಂ


ಹುಮನಾಬಾದ
4 ಏಪ್ರಿಲ್ 2024

ಪೂನಂ,

ಕೇಳಿಸದ್ದನ್ನು ಕೇಳಿಸಿತು ಎನ್ನಲು ನಾನು ಜ್ಯೋತಿಷಿಯಲ್ಲ.

ಮಾತು ಕೊಟ್ಟ ಮೇಲೆ ನಡೆಸಬೇಕು. ಯುಗಾದಿಯ ಮರುದಿನ ತಂತಿ ಇಳಿಸು. ಸೆಟ್ಟನ್ನು ಲೈಸೆನ್ಸ್ ಇದ್ದವರಿಗೇ ಕೊಡಬೇಕು, ಗುಜರಿಗೆ ಹಾಕುವಂತಿಲ್ಲ. ಅಂಗಡಿಯ ಟೆಂಪೊ ಕಳಿಸುತ್ತೇನೆ, ಅದರಲ್ಲಿ ಇಟ್ಟುಬಿಡು.

ಮಹಾರುದ್ರಪ್ಪ


ಬಸವಕಲ್ಯಾಣ
10 ಏಪ್ರಿಲ್ 2024

ಕಾಕಾ,

ಇಂದು ಹನ್ನೊಂದಕ್ಕೆ ಟೆಂಪೊ ಬಂತು. ಸೆಟ್ಟು, ಮೋರ್ಸ್ ಕೀ, ಮೀಟರ್, ಮೂರನ್ನೂ ಅಪ್ಪನ ಧೋತರದಲ್ಲಿ ಸುತ್ತಿ ಕೊಟ್ಟಿದ್ದೇನೆ. ಮಾಳಿಗೆಯ ಮೇಲೆ ಈಗ ಹಪ್ಪಳ ಒಣಗುತ್ತಿವೆ. ಅತ್ತೆ ಎರಡು ಹಪ್ಪಳ ಸುಟ್ಟು ನನ್ನ ತಟ್ಟೆಗೆ ಹಾಕಿದರು.

ನಿಮಗೆ ಮೂರು ತಿಂಗಳು ತೊಂದರೆ ಕೊಟ್ಟೆ. ಕ್ಷಮಿಸಿ.

ಪೂನಂ


ಹಳ್ಳಿಖೇಡ (ಬಿ)
22 ಮೇ 2024

ಪೂನಂ ಮೇಡಂ ಅವರಿಗೆ ಸಲಾಂ.

ನಾನು ಫಿರೋಜ್. ಇಲ್ಲಿ ಟ್ರ್ಯಾಕ್ಟರ್ ಬ್ಯಾಟರಿ ರಿಪೇರಿ ಅಂಗಡಿ ಇಟ್ಟಿದ್ದೇನೆ. ಹ್ಯಾಮ್ ಪರೀಕ್ಷೆಗೆ ಓದುತ್ತಿದ್ದೇನೆ, ಇನ್ನೂ ಲೈಸೆನ್ಸ್ ಇಲ್ಲ, ಬರೀ ಕೇಳುತ್ತೇನೆ. ನಿಮ್ಮ ಜೊತೆ ಪರೀಕ್ಷೆ ಬರೆದ ಗೆಳೆಯನಿಂದ ವಿಳಾಸ ಸಿಕ್ಕಿತು.

ನಿಮ್ಮ ಉಪಕಾರ ನನ್ನ ಮೇಲಿದೆ. ನಾನು ಮೋರ್ಸ್ ಕಲಿತದ್ದು ನಿಮ್ಮಿಂದ. ನೀವು ಅವಸರ ಮಾಡುವುದಿಲ್ಲ, ಅಕ್ಷರ ಅಕ್ಷರ ಬಿಡಿಸಿ ಕೊಡುತ್ತೀರಿ. ಫೆಬ್ರುವರಿಯಿಂದ ಯುಗಾದಿಯವರೆಗೆ ಅರವತ್ತನಾಲ್ಕು ಬೆಳಿಗ್ಗೆ ನಿಮ್ಮ ಕರೆ ನನ್ನ ನೋಟಬುಕ್ಕಿನಲ್ಲಿದೆ. ಮೊದಮೊದಲು ಹೆಡ್‌ಫೋನ್ ತೆಗೆದಿಟ್ಟರೂ ಕೇಳಿಸುವಷ್ಟು ಜೋರಾಗಿತ್ತು. ಮಾರ್ಚ್ ಬಂದಂತೆ ಸಣ್ಣದಾಗುತ್ತ ಹೋಯಿತು, ಯಾಕೋ ತಿಳಿಯಲಿಲ್ಲ. ಆದರೆ ಒಂದು ದಿನವೂ ತಪ್ಪಲಿಲ್ಲ.

ಹುಮನಾಬಾದಿನ ಹಿರಿಯರಿಗೆ ನಿಮ್ಮ ಮೇಲೆ ಬಹಳ ಅಭಿಮಾನ. ನಿಮ್ಮ ಕರೆ ಮುಗಿದ ಮೇಲೆ ಏಳು ಗಂಟೆಗೆ ಅವರು ಪುಣೆ, ಲಾತೂರು, ಹೈದರಾಬಾದಿನವರ ಜೊತೆ ಮಾತಾಡುತ್ತಾರೆ. ಫೆಬ್ರುವರಿ ಹದಿನೈದಕ್ಕೆ ಹೇಳಿದ್ದನ್ನು ಬರೆದುಕೊಂಡಿದ್ದೇನೆ: "ಕಲ್ಯಾಣದ ಹುಡುಗಿ ನನ್ನ ಗೆಳೆಯನ ಮಗಳು. ಕೀ ಬಡಿಯುವ ಕೈ ಥೇಟ್ ಅಪ್ಪನದೇ. ಆಕೆಗೆ ಮೊದಲ ಉತ್ತರ ನನ್ನದು. ನಾನು ಕೊಡುವವರೆಗೆ ದಯವಿಟ್ಟು ನೀವು ಯಾರೂ ಕೊಡಬೇಡಿ." ಎಲ್ಲರೂ ಒಪ್ಪಿದರು, ಹಿರಿಯರ ಮಾತಲ್ಲವೇ. ಮಾರ್ಚ್ ಕೊನೆಗೆ ನೀವು ಲಾತೂರಿನವರನ್ನು ಕರೆದಿರಲ್ಲ, ಅವರು ಕೈ ಕಟ್ಟಿಕೊಂಡು ಕೂತಿದ್ದರಂತೆ. ಮರುದಿನ ತಾವೇ ಹೇಳಿ ನಕ್ಕರು.

ಹಿರಿಯರು ನಿಮಗೆ ಉತ್ತರ ಕೊಟ್ಟದ್ದು ಯಾವ ದಿನ? ಅದೊಂದನ್ನು ನಾನು ತಪ್ಪಿಸಿಕೊಂಡಿರಬೇಕು. ತಾರೀಖು ತಿಳಿಸಿದರೆ ನೋಟಬುಕ್ಕಿನಲ್ಲಿ ಬರೆದಿಡುತ್ತೇನೆ.

ತಮ್ಮ ವಿಶ್ವಾಸಿ
ಫಿರೋಜ್


ಬಸವಕಲ್ಯಾಣ
28 ಮೇ 2024

ಮಹಾರುದ್ರಪ್ಪ ಅವರಿಗೆ,

ಹಳ್ಳಿಖೇಡದಿಂದ ಬಂದ ಪತ್ರದ ಜೆರಾಕ್ಸ್ ಇದರ ಜೊತೆಗಿದೆ. ಓದಿ. ಯಾಕೆ ಎಂದು ಬರೆಯಿರಿ.

ಪೂನಂ


ಹುಮನಾಬಾದ
8 ಜೂನ್ 2024

ಪೂನಂ,

ಹೌದು, ಕೇಳಿಸಿತು. ಮೊದಲ ದಿನವೇ ಕೇಳಿಸಿತು. ಗುರುನಾಥ ಎದ್ದು ಬಂದು ಬಾಗಿಲು ಬಡಿದಂತಾಯಿತು. ಅದೇ ಕೈ, ಅದೇ ನಡಿಗೆ. ಕೀ ಮೇಲೆ ನನ್ನ ಕೈಯೂ ಹೋಗಿತ್ತು. ಹಿಂದಕ್ಕೆ ತೆಗೆದುಕೊಂಡೆ.

2016ರ ದಸರೆಯ ಮರುದಿನ ನಿಮ್ಮಪ್ಪನಿಗೆ ಒಂದು ಪತ್ರ ಬರೆದಿದ್ದೆ. ನಿನ್ನ ಮಗಳನ್ನು ನಮ್ಮ ಮಹೇಶಕುಮಾರನಿಗೆ ಕೊಡು ಎಂದು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಎಂಟು ತಿಂಗಳು. ದಿನಾ ಬೆಳಿಗ್ಗೆ ರೇಡಿಯೋದಲ್ಲಿ ಮಳೆ, ಬಿಸಿಲು, ಎಲ್ಲ ಮಾತಾಡುತ್ತಿದ್ದ, ಇದೊಂದು ಬಿಟ್ಟು. ನಾನಾಗಿ ಹೋಗಿ ಕೇಳಲು ನನಗೂ ಮರ್ಯಾದೆ ಇತ್ತು. ಹುಡುಗ ದಿನಾ ಸಂಜೆ ಅಂಗಡಿಗೆ ಬಂದು, "ಉತ್ತರ ಬಂತೇನಪಾ?" ಅಂತಿದ್ದ. ನಾಳೆ ಬರ್ತದ ಅಂತಿದ್ದೆ. ಜೂನಿನಲ್ಲಿ ಬಂದದ್ದು ನಿನ್ನ ಲಗ್ನಪತ್ರಿಕೆ. ಅದೇ ವಾರ ಮಹೇಶ ಮನೆ ಬಿಟ್ಟು ಹೋದ. ಏಳು ವರ್ಷವಾಯಿತು, ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಅವನ ತಾಯಿ ಸರುಬಾಯಿ ಇವತ್ತಿಗೂ ಹಬ್ಬಕ್ಕೆ ಒಂದು ತಟ್ಟೆ ಹೆಚ್ಚು ಹಾಕುತ್ತಾಳೆ.

ಉತ್ತರ ಬರದೆ ಕೂಡುವುದು ಹೇಗಿರುತ್ತದೆ ಎಂದು ಗುರುನಾಥನ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಾಗಬೇಕಿತ್ತು. ಅವನು ಸತ್ತು ಪಾರಾದ, ನೀನು ಸಿಕ್ಕಿದೆ. ನಮಗೆ ಎಂಟು ತಿಂಗಳು, ನಿನಗೆ ಎರಡೇ. ದಯೆ ತೋರಿಸಿದೆ ಅಂದುಕೋ.

ಸೆಟ್ಟು ಕೇಳಬೇಡ. ಬಿಚ್ಚಿಹಾಕಿದೆ. ಅದರೊಳಗಿನ ತಾಮ್ರದ ಸುರುಳಿ, ಕಾಯಿಲುಗಳನ್ನು ಸುತ್ತಿದವನು ನಾನು, ನನ್ನದನ್ನು ನಾನು ತೆಗೆದುಕೊಂಡೆ. ಉಳಿದದ್ದು ಗೋಣಿಚೀಲದಲ್ಲಿದೆ.

ಮಹಾರುದ್ರಪ್ಪ


ಬಸವಕಲ್ಯಾಣ
20 ಜೂನ್ 2024

ಮಹಾರುದ್ರಪ್ಪ ಅವರಿಗೆ,

ಈ ಪತ್ರ ಬರೆಯಬಾರದೆಂದು ಎಂಟು ದಿನ ತಡೆದೆ. ಇನ್ನು ತಡೆಯುವುದಿಲ್ಲ.

2016ರಲ್ಲಿ ನಿಮ್ಮ ಆ ಪತ್ರ ಬಂದ ನಾಲ್ಕನೇ ದಿನ ಮಹೇಶಕುಮಾರ ಅಪ್ಪನ ಅಂಗಡಿಗೆ ಬಂದಿದ್ದ. ನಾನು ಅಲ್ಲೇ ಇದ್ದೆ. ಬೇಮಳಖೇಡದ ಮೀನಾ ಎಂಬವಳನ್ನು ಮದುವೆಯಾಗುವವನಿದ್ದ. ಬೇರೆ ಜಾತಿಯವಳು, ಆಗ ನರ್ಸಿಂಗ್ ಓದುತ್ತಿದ್ದಳು. ಅವನು ಆಡಿದ ಮಾತು ಇದು: "ಕಾಕಾ, ನೀವು ಇಲ್ಲ ಅಂದ್ರ ನಮ್ಮಪ್ಪ ಎಂಟ ದಿನದಾಗ ಇನ್ನೊಂದ ಹೆಣ್ಣ ಗೊತ್ತ ಮಾಡ್ತಾನ್ರಿ. ಹೌದು ಅಂದ್ರ ನಿಮ್ಮ ಮಗಳ ಬಾಳೇ ಹಾಳಾಗ್ತದ. ಏನೂ ಅನಬ್ಯಾಡ್ರಿ. ಆಕಿ ಓದ ಮುಗಿಯಾ ತನಕ ಸುಮ್ಮನಿರ್ರಿ." ಅಪ್ಪನ ಕಾಲು ಹಿಡಿದುಕೊಂಡ. ಅಪ್ಪ ಅವನನ್ನು ಎಬ್ಬಿಸಿ, "ನಿಮ್ಮಪ್ಪ ನನ್ನ ಜೋಡಿ ಮಾತ ಬಿಡ್ತಾನ ನೋಡಪಾ" ಅಂದ. ಆಮೇಲೆ, "ಬಿಡ್ಲಿ. ನೀವು ಬದುಕ್ರಿ" ಅಂದ.

ನಿಮ್ಮ ಮಗ ದಿನಾ ಸಂಜೆ ಉತ್ತರ ಬಂತೇ ಎಂದು ಕೇಳುತ್ತಿದ್ದದ್ದು ಆಸೆಯಿಂದಲ್ಲ. ಎಲ್ಲಿ ಬಂದುಬಿಟ್ಟೀತೋ ಎಂಬ ಹೆದರಿಕೆಯಿಂದ. ಮೀನಾಳ ಓದು ಮುಗಿದ ವಾರ ಅವನು ಹೊರಟ. ನನ್ನ ಲಗ್ನಕ್ಕೂ ಅದಕ್ಕೂ ಸಂಬಂಧವಿಲ್ಲ.

ಸಾಯುವ ಹಿಂದಿನ ವಾರವೂ ನಾನು ಅಪ್ಪನನ್ನು ಕೇಳಿದೆ, ಈಗಾದರೂ ಕಾಕಾಗೆ ಹೇಳಿಬಿಡಲೇ ಎಂದು. "ಬ್ಯಾಡ, ಮಾತ ಕೊಟ್ಟೇವಿ" ಅಂದ. ಜನವರಿಯಲ್ಲಿ ನಿಮಗೆ ಬರೆದಾಗಲೂ ಅದಕ್ಕೇ ಸುಮ್ಮನಿದ್ದೆ. ಇವತ್ತು ಆ ಮಾತು ಮುರಿದೆ. ಅಪ್ಪ ಬೈದರೆ ಬೈಯಲಿ.

ಮಹೇಶಕುಮಾರನಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ಮುಡಬಿಗೆ ಅಪ್ಪನ ಮಣ್ಣಿಗೆ ಮೂವರೂ ಬಂದಿದ್ದರು. ಸಂಜೆಯ ತನಕ ಇದ್ದರು. ನೀವು ಬರಬಹುದೆಂದು ಮಹೇಶ ರಸ್ತೆ ನೋಡುತ್ತ ನಿಂತಿದ್ದ, ಮಗಳನ್ನು ಎತ್ತಿಕೊಂಡು.

ಅವರ ವಿಳಾಸ ನನ್ನ ಹತ್ತಿರ ಇದೆ. ನಿಮಗೆ ಕೊಡುವುದಿಲ್ಲ.

ಗುರುನಾಥನ ಮಗಳು
ಪೂನಂ


ಹುಮನಾಬಾದ
25 ಜೂನ್ 2024

ಚಿ. ಪೂನಂಗೆ ಆಶೀರ್ವಾದ.

ನೀನು ಸಿಟ್ಟಿನಲ್ಲಿ ಬರೆದಿದ್ದೀ. ಸಿಟ್ಟು ನ್ಯಾಯವಾದದ್ದೇ. ಸೆಟ್ಟನ್ನು ಮತ್ತೆ ಕಟ್ಟುತ್ತಿದ್ದೇನೆ, ಕಾಯಿಲು ಕೂರಿಸಿದೆ. ನಾನೇ ತಂದು ನಿಮ್ಮ ಮನೆಗೆ ಮುಟ್ಟಿಸುತ್ತೇನೆ. ನಿಮ್ಮತ್ತೆಯ ಮುಂದೆ ನಿಂತು ತಪ್ಪು ನನ್ನದೆಂದು ಹೇಳುತ್ತೇನೆ. ವಿಳಾಸ ಕೊಡು.

ಮಹಾರುದ್ರಪ್ಪ ಕಾಕಾ


ಹುಮನಾಬಾದ
9 ಜುಲೈ 2024

ಪೂನಂ,

ಮೊನ್ನೆ ಸೆಟ್ಟು ತೆಗೆದುಕೊಂಡು ಬಸವಕಲ್ಯಾಣಕ್ಕೆ ಬಂದಿದ್ದೆ. ನೀನು ಒಳಗೇ ಇದ್ದೆ, ಚಪ್ಪಲಿ ಬಾಗಿಲಲ್ಲೇ ಇತ್ತು. ನಿಮ್ಮತ್ತೆ ಹೊರಗೆ ಬಂದು, "ಆಕಿ ಮನ್ಯಾಗಿಲ್ರಿ" ಅಂದರು. ಸೆಟ್ಟು ಇಟ್ಟು ಬಂದಿದ್ದೇನೆ.

ವಿಳಾಸ ಬೇಡ. ನಾನು ಅಲ್ಲಿಗೆ ಹೋಗುವುದಿಲ್ಲ. ಹುಡುಗಿಯ ಹೆಸರೊಂದು ಬರೆದು ಕಳಿಸು.

ಮಹಾರುದ್ರಪ್ಪ


ಹುಮನಾಬಾದ
2 ಆಗಸ್ಟ್ 2024

ಪೂನಂ,

ಸರುಬಾಯಿಗೆ ಎಲ್ಲ ಹೇಳಿದೆ. ಮಗ ಬದುಕಿದ್ದಾನೆ ಎಂದಾಗ ನೆಲದ ಮೇಲೆ ಕೂತಳು, ಮೊಮ್ಮಗಳಿದ್ದಾಳೆ ಎಂದಾಗ ಎದ್ದಳು. ಪರಕಾರ ಹೊಲಿಸುತ್ತೇನೆಂದು ಹಸಿರು ಬಟ್ಟೆ ತರಿಸಿದ್ದಾಳೆ. ದಿನಾ ಸಂಜೆ ನಾನು ಅಂಗಡಿಯಿಂದ ಬಂದ ಕೂಡಲೇ ಒಂದೇ ಮಾತು. "ಹುಡುಗಿ ಹೆಸರೇನಂತರಿ? ಪೂನಂ ಬರದಾಳೇನು?"

ನಾಲ್ಕು ದಿನ ನಾಳೆ ಬರ್ತದ ಅಂದೆ. ಐದನೆಯ ದಿನ ಆಕೆಯ ಮುಖ ನೋಡಲಾಗಲಿಲ್ಲ. ಪತ್ರ ಬಂತು, ಹುಡುಗಿಯ ಹೆಸರು ವರ್ಷಾ ಎಂದು ಹೇಳಿಬಿಟ್ಟೆ. ಆಗಿನಿಂದ ಆಕೆ ಅದೇ ಹೆಸರು ಹಿಡಿದು ಮಾತಾಡಿಕೊಳ್ಳುತ್ತಾಳೆ, ಅಡಿಗೆ ಮಾಡುವಾಗ, ದೀಪ ಹಚ್ಚುವಾಗ.

ತಪ್ಪಿದ್ದರೆ ಒಂದು ಸಾಲು ಬರೆ.

ಮಹಾರುದ್ರಪ್ಪ